ಮುನ್ನೂರು ಪ್ರತಿಗಳ ಲೆಕ್ಕ: ಶ್ರುತಿನಾದದ ಗಾನತಟ್ಟೆಯೂ ನಮ್ಮ ವ್ಯಾಪಾರವೂ

ಸತ್ತುಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ ಸರಕೊಂದು ಮತ್ತೆ ಮಾರುಕಟ್ಟೆಗೆ ಬಂದು ಲಾಭ ತರತೊಡಗಿದರೆ ವರ್ತಕನಾದವನು ಅದರ ಕಡೆಗೆ ಕಣ್ಣು ಹಾಯಿಸದೆ ಇರಲಾರ. ಗ್ರಾಮೊಫೋನ್ ತಟ್ಟೆಯ ಕಥೆ ಇಂಥದು. ಅಮೆರಿಕದಲ್ಲಿ 2022ನೇ ಸಾಲಿನಲ್ಲಿ 4 ಕೋಟಿ 10 ಲಕ್ಷ ವಿನೈಲ್ ತಟ್ಟೆಗಳು ಮಾರಾಟವಾದರೆ, ಸಿ.ಡಿ.ಗಳು ಮಾರಾಟವಾದದ್ದು 3 ಕೋಟಿ 30 ಲಕ್ಷ ಮಾತ್ರ. ಸಂಖ್ಯೆಯಲ್ಲಿ ತಟ್ಟೆಯು ಸಿ.ಡಿ.ಯನ್ನು ಹಿಂದಿಕ್ಕಿದ್ದು 1987ರ ನಂತರ ಅದೇ ಮೊದಲು. ಹಾಡು ಮೊಬೈಲಿನಲ್ಲಿ ಪುಕ್ಕಟೆಯಾಗಿ ಸಿಗುವ ಕಾಲದಲ್ಲಿ ಜನರು ಹಣ ಕೊಟ್ಟು, ಹನ್ನೆರಡು ಅಂಗುಲದ ಕಪ್ಪು ತಟ್ಟೆಯೊಂದನ್ನು ಮನೆಗೆ ಒಯ್ಯುತ್ತಿದ್ದಾರೆ.

ಈ ವ್ಯಾಪಾರದ ಒಂದು ಸಣ್ಣ ಮೂಲೆಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಚಲನಚಿತ್ರ ಗೀತೆಯೂ ಅಲ್ಲದ, ಭಕ್ತಿಗೀತೆಯೂ ಅಲ್ಲದ, ತಾಳವಿಲ್ಲದ, ಸಾಹಿತ್ಯವಿಲ್ಲದ ಒಂದು ಬಗೆಯ ಸಂಗೀತವನ್ನು ಕೇವಲ ಮುನ್ನೂರು ಅಥವಾ ಐನೂರು ತಟ್ಟೆಗಳಲ್ಲಿ ಒತ್ತಿಸಿ, ಪ್ರತಿಯೊಂದರ ಮೇಲೂ ಕೈಯಿಂದ ಕ್ರಮಸಂಖ್ಯೆ ಬರೆದು ಮಾರುವ ಪದ್ಧತಿ ಯೂರೋಪು, ಅಮೆರಿಕಗಳಲ್ಲಿ ಬೇರೂರಿದೆ. ಅದಕ್ಕೆ 'ಡ್ರೋನ್' ಸಂಗೀತವೆಂದೂ, ಅದರ ಗಾಢವಾದ, ಗಂಭೀರವಾದ ಪ್ರಭೇದಕ್ಕೆ 'ಡಾರ್ಕ್ ಆ್ಯಂಬಿಯೆಂಟ್' ಎಂದೂ ಹೆಸರು. (ಹೊಲಕ್ಕೆ ಔಷಧ ಸಿಂಪಡಿಸುವ ಡ್ರೋನಿಗೂ ಇದಕ್ಕೂ ಸಂಬಂಧವಿಲ್ಲ.) ಬ್ರಿಟನ್ನಿನ ಬ್ರಯಾನ್ ವಿಲಿಯಮ್ಸ್ ಎಂಬವರು 'ಲಸ್ಟ್‌ಮೋರ್ಡ್' ಎಂಬ ಹೆಸರಿನಲ್ಲಿ 1990ರಲ್ಲಿ ಹೊರತಂದ 'ಹೆರಸಿ' ಈ ಪ್ರಭೇದದ ಆರಂಭದ ಕೃತಿಗಳಲ್ಲಿ ಒಂದೆಂದು ಗಣಿಸಲ್ಪಟ್ಟಿದೆ. ಕೇಳಿದರೆ, ಗುಹೆಯೊಳಗಿನ ಪ್ರತಿಧ್ವನಿಯನ್ನೋ ದೂರದ ಜಿನ್ನಿಂಗ್ ಮಿಲ್ಲಿನ ಗುಂಯ್‌ಗುಡುವಿಕೆಯನ್ನೋ ನಿಧಾನಗೊಳಿಸಿ ಕೇಳಿಸಿದಂತಿರುತ್ತದೆ. ಇದನ್ನು ಮನರಂಜನೆ ಎನ್ನಲು ನನಗೆ ಧೈರ್ಯ ಸಾಲದು. ಆದರೆ ಲೆಕ್ಕಪರಿಶೋಧಕನ ಕೆಲಸ ಸರಕಿನ ರುಚಿ ನೋಡುವುದಲ್ಲ, ಅದರ ಲೆಕ್ಕ ನೋಡುವುದು.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ವರ್ತಕರಿಗೆ ಇದರ ಗೊಡವೆ ಏಕೆ ಎಂಬ ಪ್ರಶ್ನೆ ಸಹಜ. ಎರಡು ಕಾರಣಗಳುಂಟು. ಮೊದಲನೆಯದು, ಈ ಸರಕಿನ ಮೂಲಧಾತು ನಮ್ಮ ನೆಲದ್ದು. ಎರಡನೆಯದು, ಪ್ರಮಾಣವನ್ನು ಮೊದಲೇ ನಿಗದಿಪಡಿಸಿ, ಆ ಮಾತಿಗೆ ಕಟ್ಟುಬಿದ್ದು ವ್ಯಾಪಾರ ಮಾಡುವುದು ಹೇಗೆಂಬುದನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಕಂಡಿಲ್ಲ.

ತಂಬೂರಿಯ ದಾರಿ

ಡ್ರೋನ್ ಎಂದರೆ ಎಡೆಬಿಡದೆ ನಡೆಯುವ ಆಧಾರಸ್ವರ. ನಮ್ಮಲ್ಲಿ ಅದಕ್ಕೆ ಶ್ರುತಿ ಎನ್ನುತ್ತಾರೆ. ತಂಬೂರಿಯ ನಾಲ್ಕು ತಂತಿಗಳನ್ನು ಸಾಮಾನ್ಯವಾಗಿ ಪಂಚಮ ಹಾಗೂ ಷಡ್ಜಗಳಿಗೆ ಕೂಡಿಸಿ, ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ನೂಲಿನ ಎಳೆ ಸೇರಿಸಿ ಸರಿಪಡಿಸಿದಾಗ ನಾದವು ಬಿಚ್ಚಿಕೊಂಡು ಝೇಂಕರಿಸುತ್ತದೆ. ಇದೇ ಜೀವಾಳಿ. ಹಾಡುವವನ ಹಿಂದೆ ಕುಳಿತು ಯಾರ ಗಮನಕ್ಕೂ ಬಾರದೆ ದುಡಿಯುವ ವಾದ್ಯವಿದು.

ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಉತ್ತರದಿಂದ ಬಂದು ಮಿರಜದಲ್ಲಿ ನೆಲೆಸಿದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಭೀಮಸೇನ ಜೋಶಿ ಹಾಗೂ ಗಂಗೂಬಾಯಿ ಹಾನಗಲ್ ಅವರು. ಹಾನಗಲ್ಲು ಇಂದು ನಮ್ಮದೇ ಜಿಲ್ಲೆಯ ತಾಲೂಕು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅದೇ ತಾಲೂಕಿನ ಕಾಡಶೆಟ್ಟಿಹಳ್ಳಿ ಮತ್ತು ದೇವಗಿರಿಯವರು. ಶ್ರುತಿಶುದ್ಧಿಯನ್ನು ಕುರಿತು ನಮಗೆ ಹೊರಗಿನವರು ಪಾಠ ಹೇಳಬೇಕಾದ ಅಗತ್ಯವಿಲ್ಲ.

ಈಗ ಅದೇ ಘರಾಣೆಯ ಇನ್ನೊಂದು ಕವಲನ್ನು ನೋಡೋಣ. ಅಬ್ದುಲ್ ಕರೀಂ ಖಾನರ ಬಂಧುಗಳಾದ ಅಬ್ದುಲ್ ವಹೀದ್ ಖಾನರ ಶಿಷ್ಯರೊಬ್ಬರು ಪಂಡಿತ್ ಪ್ರಾಣನಾಥರು. 1918ರಲ್ಲಿ ಲಾಹೋರಿನಲ್ಲಿ ಹುಟ್ಟಿದ ಇವರು 1970ರಲ್ಲಿ ನ್ಯೂಯಾರ್ಕಿಗೆ ತೆರಳಿದರು. ಅಲ್ಲಿ ಲಾ ಮಾಂಟ್ ಯಂಗ್, ಮರಿಯನ್ ಜಜೀಲಾ, ಟೆರಿ ರೈಲಿ ಮುಂತಾದ ಅಮೆರಿಕದ ಸಂಗೀತಗಾರರು ಅವರ ಶಿಷ್ಯರಾದರು. ದೀರ್ಘಸ್ವರಗಳ ಪ್ರಯೋಗವನ್ನು ಯಂಗ್ ಅದಕ್ಕೂ ಮೊದಲೇ ಆರಂಭಿಸಿದ್ದರು. ಆದರೆ ತಂಬೂರಿಯನ್ನು ಕೂಡಿಸುವ, ಅದರ ಮುಂದೆ ಗಂಟೆಗಟ್ಟಲೆ ಕೂರುವ ಶಿಸ್ತು ಅವರಿಗೆ ಬಂದದ್ದು ಈ ಗುರುವಿನಿಂದ. ಯಂಗ್ ಮತ್ತು ಜಜೀಲಾ 1982ರಲ್ಲಿ ತಂಬೂರಿಗಳನ್ನಷ್ಟೇ ನುಡಿಸಿ ಧ್ವನಿಮುದ್ರಿಸಿದರು. ಅದು 1999ರಲ್ಲಿ 'ದ ತಂಬೂರಾಸ್ ಆಫ್ ಪಂಡಿತ್ ಪ್ರಾಣನಾಥ್' ಎಂಬ ಹೆಸರಿನಿಂದ ಸಿ.ಡಿ.ಯಾಗಿ ಪ್ರಕಟವಾಯಿತು. ಗಾಯನವಿಲ್ಲ, ತಬಲಾ ಇಲ್ಲ, ಒಂದು ಗಂಟೆಗೂ ಮಿಕ್ಕಿ ಕೇವಲ ಶ್ರುತಿ! ನಮ್ಮಲ್ಲಿ ಕಛೇರಿ ಶುರುವಾಗುವ ಮುನ್ನ ಉಚಿತವಾಗಿ ಕೇಳಸಿಗುವುದನ್ನು ಅವರು ಪ್ರತ್ಯೇಕ ಸರಕಾಗಿ ಬೆಲೆ ಕಟ್ಟಿ ಮಾರಿದರು, ಕೊಳ್ಳುವವರೂ ಸಿಕ್ಕರು.

ನಮ್ಮವರು ಈ ನಾದದಿಂದ ಉದ್ಯಮ ಕಟ್ಟಿಲ್ಲವೆಂದು ಇದರ ಅರ್ಥವಲ್ಲ. ಮಿರಜದ ಸಿತಾರ ಹಾಗೂ ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮನ್ನಣೆ ದೊರೆಯಿತು. ಬೆಂಗಳೂರಿನಲ್ಲಿ ಇಂಜಿನಿಯರರೂ ಕೊಳಲು ವಾದಕರೂ ಆದ ಜಿ. ರಾಜನಾರಾಯಣ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿ, ರಾಡೆಲ್ ಸಂಸ್ಥೆಯ ಮೂಲಕ ಮನೆಮನೆಗೂ ಮುಟ್ಟಿಸಿದರು. ವಾದ್ಯವನ್ನು ಮಾರಿದೆವು, ಯಂತ್ರವನ್ನು ಮಾರಿದೆವು. ನಾದವನ್ನೇ ಸರಕಾಗಿ ಮಾರುವ ಯೋಚನೆ ಮಾತ್ರ ನಮಗೆ ಹೊಳೆಯಲಿಲ್ಲ.

ತಟ್ಟೆಯ ತಯಾರಿ

ಗಾನತಟ್ಟೆಯ ಉದ್ಯಮದಲ್ಲಿ ಭಾರತ ಹಿಂದೆ ಬಿದ್ದಿರಲಿಲ್ಲ. ಗ್ರಾಮೊಫೋನ್ ಕಂಪನಿಯು 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ಆರಂಭಿಸಿತು, 1908ರಲ್ಲಿ ಅಲ್ಲಿನ ಸಿಯಾಲ್ದಹದಲ್ಲಿ ಕಾರ್ಖಾನೆ ತೆರೆಯಿತು. ಆಗಿನ 78 ಸುತ್ತಿನ ತಟ್ಟೆಗೆ ಬೇಕಾದ ಅರಗು ನಮ್ಮ ಕಾಡುಗಳದ್ದೇ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯು ವಿನೈಲ್‌ನ ಎಲ್.ಪಿ. ತಟ್ಟೆಯನ್ನು ತಂದಿತು. ಕ್ಯಾಸೆಟ್ಟು, ಸಿ.ಡಿ.ಗಳು ಬಂದಮೇಲೆ ನಮ್ಮಲ್ಲಿ ತಟ್ಟೆ ಒತ್ತುವ ಕೆಲಸವೇ ನಿಂತುಹೋಗಿ, ಬೇಕಾದವರು ಹೊರದೇಶದಲ್ಲಿ ಒತ್ತಿಸಿ ತರಿಸಬೇಕಾಯಿತು. 2024ರಲ್ಲಿ ಮುಂಬಯಿಯಲ್ಲಿ ಸಮನ್ವಿ ಡಿಜಿಮೀಡಿಯಾ ಸಂಸ್ಥೆಯ ಘಟಕ ಕಾರ್ಯಾರಂಭ ಮಾಡಿದ ನಂತರ ಈ ಸ್ಥಿತಿ ಬದಲಾಗಿದೆ.

ತಯಾರಿಕೆಯ ಕ್ರಮವನ್ನು ಅರಿತರೆ ಖರ್ಚಿನ ಸ್ವರೂಪ ತಾನಾಗಿಯೇ ತಿಳಿಯುತ್ತದೆ. ಅಲ್ಯುಮಿನಿಯಂ ಹಾಳೆಯ ಮೇಲೆ ಲ್ಯಾಕರ್ ಲೇಪಿಸಿದ ಮೂಲತಟ್ಟೆಯಲ್ಲಿ ಸೂಜಿಯು ಗೀರು ಕೊರೆಯುತ್ತದೆ. ಅದಕ್ಕೆ ಬೆಳ್ಳಿಯ ತೆಳುಪೊರೆ ಕೊಟ್ಟು, ನಿಕ್ಕಲ್ ದ್ರಾವಣದಲ್ಲಿ ವಿದ್ಯುಲ್ಲೇಪನ ಮಾಡಿ ಲೋಹದ ಅಚ್ಚು ತೆಗೆಯುತ್ತಾರೆ. ಆ ಅಚ್ಚುಗಳ ನಡುವೆ ಕಾಯಿಸಿದ ಪಿ.ವಿ.ಸಿ. ಮುದ್ದೆಯನ್ನಿಟ್ಟು ಒತ್ತಿದರೆ ತಟ್ಟೆ ಸಿದ್ಧ. ಒತ್ತುವುದಕ್ಕೆ ಅರ್ಧ ನಿಮಿಷದ ಆಸುಪಾಸು ಸಾಕು. ಅಚ್ಚಿಗೆ ತಗಲುವ ವೆಚ್ಚ ಒಂದು ಪ್ರತಿಗೂ ಅಷ್ಟೇ, ಸಾವಿರ ಪ್ರತಿಗೂ ಅಷ್ಟೇ. ಈ ಕೊಂಡಿಗಳಲ್ಲಿ ಒಂದು ಕಳಚಿದರೂ ಉದ್ಯಮವೆಲ್ಲ ನಡುಗುತ್ತದೆ. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೋಲೊ ಮಾಸ್ಟರ್ಸ್ ಕಾರ್ಖಾನೆ ಬೆಂಕಿಗೆ ಆಹುತಿಯಾದಾಗ, ಇಡೀ ಜಗತ್ತಿಗೆ ಮೂಲತಟ್ಟೆ ಒದಗಿಸಲು ಉಳಿದದ್ದು ಜಪಾನಿನ ಒಂದೇ ಕಂಪನಿ.

ಶ್ರುತಿನಾದದ ತಟ್ಟೆಗೆ ಒಂದು ವಿಶೇಷ ತೊಡಕುಂಟು. ಚಲನಚಿತ್ರ ಗೀತೆಯಲ್ಲಿ ಡೋಲಕ್ಕಿನ ಪೆಟ್ಟಿನಡಿ ಮುಚ್ಚಿಹೋಗುವ ಸಣ್ಣ ಚಟಪಟ ಸದ್ದು, ಎಡೆಬಿಡದ ಮಂದ್ರನಾದದಲ್ಲಿ ಅಕ್ಕಿಯಲ್ಲಿನ ಕಲ್ಲಿನಂತೆ ಎದ್ದು ತೋರುತ್ತದೆ. ಮಂದ್ರಧ್ವನಿಯ ಗೀರು ಅಗಲವಾಗಿ ಜಾಗ ತಿನ್ನುವುದರಿಂದ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ತುಂಬುವುದೂ ಕ್ಷೇಮವಲ್ಲ. ಆದಕಾರಣ ಪೂರ್ಣ ಒತ್ತುವಿಕೆಗೆ ಮುನ್ನ ಬರುವ ಪರೀಕ್ಷಾ ತಟ್ಟೆಗಳನ್ನು ತಾಳ್ಮೆಯಿಂದ ಕೊನೆಯವರೆಗೆ ಕೇಳದೆ ಒಪ್ಪಿಗೆ ಕೊಡಬಾರದು. ಈ ಬಗೆಯ ಸಂಗೀತದಲ್ಲಿ ಬೇರೊಂದು ಚಮತ್ಕಾರವೂ ಇದೆ. ತಟ್ಟೆಯ ಕೊನೆಯ ಗೀರನ್ನು ಬಳೆಯಂತೆ ಮುಚ್ಚಿಬಿಟ್ಟರೆ, ಸೂಜಿ ಎತ್ತುವವರೆಗೂ ಅದೇ ನಾದ 1.8 ಸೆಕೆಂಡಿಗೊಮ್ಮೆ ಮರಳುತ್ತ ಮುಗಿಯದೆ ಸಾಗುತ್ತದೆ.

ಮುನ್ನೂರೇ ಏಕೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ತಂಬೂರಿಯ ನಾದವನ್ನೇ ಆಧಾರವಾಗಿಟ್ಟುಕೊಂಡ ಒಂದು ತಟ್ಟೆಯನ್ನು ನಮ್ಮ ಊರಿನವರೊಬ್ಬರು ಹೊರತರುತ್ತಾರೆಂದು ಭಾವಿಸೋಣ. ಕೆಳಗಿನ ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಊಹಿಸಿಕೊಂಡವು. ಯಾವುದೇ ಘಟಕದ ದರಪಟ್ಟಿಯಲ್ಲ.

ಧ್ವನಿಮುದ್ರಣ, ಮೂಲತಟ್ಟೆ, ಅಚ್ಚು ಹಾಗೂ ಹೊದಿಕೆಯ ವಿನ್ಯಾಸ ಸೇರಿ ಸ್ಥಿರವೆಚ್ಚ ರೂ. 1,80,000. ಒತ್ತುವಿಕೆ, ಹೊದಿಕೆ, ಪ್ಯಾಕಿಂಗ್ ಸೇರಿ ಪ್ರತಿಯೊಂದಕ್ಕೆ ರೂ. 600. ತೆರಿಗೆ ಬಿಟ್ಟು ಮಾರಾಟದ ಬೆಲೆ ರೂ. 2,000. ಮುನ್ನೂರು ಪ್ರತಿ ಒತ್ತಿಸಿದರೆ ಒಟ್ಟು ವೆಚ್ಚ ರೂ. 3,60,000, ಅಂದರೆ ಪ್ರತಿಯೊಂದಕ್ಕೆ ರೂ. 1,200. ಸಾವಿರ ಒತ್ತಿಸಿದರೆ ಒಟ್ಟು ರೂ. 7,80,000, ಪ್ರತಿಯೊಂದಕ್ಕೆ ರೂ. 780. ನಮ್ಮ ವರ್ತಕರಲ್ಲಿ ಹತ್ತಕ್ಕೆ ಒಂಬತ್ತು ಜನ ಇಲ್ಲಿಯೇ ನಿರ್ಧಾರ ಮಾಡಿಬಿಡುತ್ತಾರೆ: "ಸಾವಿರ ಹಾಕ್ರಿ, ಅಗ್ಗ ಬೀಳ್ತದ."

ಅಗ್ಗವಾಗಿ ತಯಾರಾದದ್ದು ಲಾಭವಾಗಿ ಮಾರಾಟವಾಯಿತೆಂದು ಅರ್ಥವಲ್ಲ. ಮುನ್ನೂರರ ಮುದ್ರಣದಲ್ಲಿ 180 ಪ್ರತಿ ಹೋದರೆ ಹಾಕಿದ ಹಣ ಮರಳುತ್ತದೆ. ಸಾವಿರದ ಮುದ್ರಣದಲ್ಲಿ 390 ಹೋಗಬೇಕು. ಮಾರಾಟ 250ಕ್ಕೆ ನಿಂತಿತೆನ್ನಿ: ಮುನ್ನೂರು ಒತ್ತಿಸಿದವನಿಗೆ ರೂ. 1,40,000 ಲಾಭ, ಸಾವಿರ ಒತ್ತಿಸಿದವನಿಗೆ ರೂ. 2,80,000 ನಷ್ಟ. ಬೇಡಿಕೆ ಐನೂರಕ್ಕೆ ಏರಿತೆನ್ನಿ: ಮುನ್ನೂರನ್ನೂ ಮಾರಿ ಬಾಗಿಲು ಹಾಕಿದವನಿಗೆ ರೂ. 2,40,000 ಉಳಿದರೆ, ಐನೂರು ಮಾರಿದ ಸಾವಿರದವನಿಗೆ ಉಳಿಯುವುದು ರೂ. 2,20,000 ಮಾತ್ರ, ಜೊತೆಗೆ ಗೋದಾಮಿನಲ್ಲಿ ಐನೂರು ತಟ್ಟೆ! ಬೇಡಿಕೆ 510ನ್ನು ದಾಟಿದರಷ್ಟೇ ಸಾವಿರದ ಮುದ್ರಣ ಮೇಲುಗೈ. ತಾಳವಿಲ್ಲದ ಸಂಗೀತಕ್ಕೆ ಅಷ್ಟು ಗಿರಾಕಿಗಳನ್ನು ಮೊದಲ ತಟ್ಟೆಗೇ ನಿರೀಕ್ಷಿಸುವುದು ವ್ಯಾಪಾರವಲ್ಲ, ಜೂಜು. ಕಲಾವಿದರಿಗೆ, ವಿಮರ್ಶೆಗೆ, ಹಾಳಾದುದಕ್ಕೆ ಇಪ್ಪತ್ತು ಪ್ರತಿ ತೆಗೆದಿಟ್ಟರೆ ಮುನ್ನೂರರ ಗರಿಷ್ಠ ಲಾಭದಲ್ಲಿ ರೂ. 40,000 ಕಡಿಮೆಯಾಗುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬ್ಯಾಡಗಿಯ ವರ್ತಕರಿಗೆ ಇದರ ಇನ್ನೊಂದು ಮುಖ ಬೇಗ ಅರ್ಥವಾದೀತು. ಮೆಣಸಿನಕಾಯಿಯ ಆವಕ ಎಷ್ಟಿರಬೇಕೆಂದು ಯಾರೂ ಕಟ್ಟುಮಾಡಲಾರರು. ಮಳೆ, ಬಿತ್ತನೆ, ಆಂಧ್ರದ ಲೋಡು, ಕೋಲ್ಡ್ ಸ್ಟೋರೇಜಿನಲ್ಲಿ ಉಳಿದ ಹಳೆಯ ಚೀಲ ಇವೆಲ್ಲ ಸೇರಿ ದರವನ್ನು ಎಳೆದಾಡುತ್ತವೆ. 2024ರ ಮಾರ್ಚ್ 11ರಂದು ದರ ಕುಸಿತದಿಂದ ಕೆರಳಿದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ, ವಾಹನಗಳು ಬೆಂಕಿಗೆ ಸಿಕ್ಕ ದಿನವನ್ನು ನಾವಾರೂ ಮರೆತಿಲ್ಲ. ಪ್ರಮಾಣ ತನ್ನ ಕೈಯಲ್ಲಿಲ್ಲದ ಸರಕಿನ ಕಷ್ಟ ಅದು. ಗಾನತಟ್ಟೆಯಲ್ಲಿ ಪ್ರಮಾಣ ಸಂಪೂರ್ಣವಾಗಿ ತಯಾರಕನ ಕೈಯಲ್ಲಿದೆ. ಹಾಗಿರುವಾಗ ಅದನ್ನು ತಾನಾಗಿಯೇ ಕೈಬಿಡುವುದು ಎಂಥ ಜಾಣತನ?

ಕೈಬಿಡುವ ಆಸೆ ಹುಟ್ಟುವ ಗಳಿಗೆಯೂ ಬರುತ್ತದೆ. ಮುನ್ನೂರು ಪ್ರತಿ ಮುಗಿದು, ಇನ್ನೂ ಕೇಳುವವರಿದ್ದಾರೆ, ಅಚ್ಚು ಘಟಕದಲ್ಲಿ ಹಾಗೆಯೇ ಇದೆ. ಒಂದು ಅಚ್ಚು ಸುಮಾರು ಸಾವಿರ ತಟ್ಟೆಯವರೆಗೆ ಬಾಳುತ್ತದೆ. ಎರಡನೆಯ ಮುನ್ನೂರಕ್ಕೆ ತಗಲುವುದು ತಲಾ ರೂ. 600 ಮಾತ್ರ. ಆದರೆ ಮೊದಲ ಮುನ್ನೂರು ಗಿರಾಕಿಗಳು ಎರಡು ಸಾವಿರ ಕೊಟ್ಟದ್ದು ನಾದಕ್ಕೆ ಮಾತ್ರವಲ್ಲ, ಹೊದಿಕೆಯ ಮೇಲೆ ಬರೆದ '300ರಲ್ಲಿ 47' ಎಂಬ ಮಾತಿಗೂ ಕೂಡ. ಅದನ್ನು ಮುರಿದರೆ ಮುಂದಿನ ತಟ್ಟೆಗೆ ಅವರು ಬರಲಾರರು. ಮರುಮುದ್ರಣ ಮಾಡಲೇಬೇಕೆಂದರೆ ತಟ್ಟೆಯ ಬಣ್ಣ, ಹೊದಿಕೆ ಬದಲಿಸಿ, 'ಎರಡನೆಯ ಮುದ್ರಣ' ಎಂದು ಸ್ಪಷ್ಟವಾಗಿ ಅಚ್ಚುಹಾಕಿ ಮಾರುವುದು ಆ ವ್ಯಾಪಾರದ ಮರ್ಯಾದೆ. ಸಂಖ್ಯೆಯ ಮಹಿಮೆಗೆ ಅತಿರೇಕದ ಒಂದು ನಿದರ್ಶನವೂ ಉಂಟು: ಅಮೆರಿಕದ ವೂ-ಟ್ಯಾಂಗ್ ಕ್ಲಾನ್ ತಂಡವು ಒಂದು ಸಂಪುಟದ ಒಂದೇ ಒಂದು ಪ್ರತಿ ಮಾಡಿಸಿ, ಸಿ.ಡಿ.ಯ ರೂಪದಲ್ಲಿ 2015ರಲ್ಲಿ ಮಾರಿತು. ಬೆಲೆ 20 ಲಕ್ಷ ಡಾಲರು.

ನಮ್ಮಲ್ಲಿ ಈ ಬಗೆಯ ನಡೆ ಹೊಸದೇನಲ್ಲ. ಹಾವೇರಿಯ ಏಲಕ್ಕಿ ಮಾಲೆಯನ್ನು ನೋಡಿರಿ. ಎಳೆಗಳ ಲೆಕ್ಕದಲ್ಲಿ, ಆದೇಶ ಬಂದಮೇಲೆ ಕೈಯಿಂದ ಕಟ್ಟುವ ಆ ಮಾಲೆಗೆ ಗೋದಾಮು ಬೇಕಿಲ್ಲ, ರಿಯಾಯಿತಿ ಮಾರಾಟ ಬೇಕಿಲ್ಲ. ರಾಣೇಬೆನ್ನೂರಿನ ಬೀಜೋದ್ಯಮಿಗಳಿಗೂ ಕ್ರಮಸಂಖ್ಯೆಯ ಬೆಲೆ ಗೊತ್ತು. ಪೊಟ್ಟಣದ ಮೇಲಿನ ಲಾಟ್ ನಂಬರು, ಮೊಳಕೆಯ ಪ್ರಮಾಣ ಸುಳ್ಳಾದರೆ ರೈತನು ಮರುವರ್ಷ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹೆಸರಿನಲ್ಲಿ ಬೇರೆ ಕಾಯಿ ಮಾರಿದಾಗ ನಮಗಾಗುವ ಸಂಕಟವೂ ಇದೇ ಜಾತಿಯದು.

ಪುಸ್ತಕದಲ್ಲಿ ಹೇಗೆ?

ಮುಂಗಡ ಪಡೆದು ಒತ್ತಿಸುವುದು ಸುರಕ್ಷಿತ ಮಾರ್ಗ. ಮೇಲಿನ ಉದಾಹರಣೆಯಲ್ಲಿ 180 ಮುಂಗಡಗಳು ಬರುವವರೆಗೆ ಅಚ್ಚಿಗೆ ಆದೇಶ ಕೊಡಬಾರದು, ಬಾರದಿದ್ದರೆ ಹಣ ಹಿಂದಿರುಗಿಸಬೇಕು. ಈ ಮುಂಗಡ ಆದಾಯವಲ್ಲ. ತಟ್ಟೆ ರವಾನೆಯಾಗುವವರೆಗೆ ಅದು ಜವಾಬ್ದಾರಿಯ ಬದಿಗೇ ಇರತಕ್ಕದ್ದು. ಬಂದ ರೊಕ್ಕವನ್ನು ದಲಾಲಿ ಅಂಗಡಿಯ ವಹಿವಾಟಿನಲ್ಲಿ ಬೆರೆಸುವ ರೂಢಿ ಇಲ್ಲಿ ಸಲ್ಲದು, ಪ್ರತ್ಯೇಕ ಖಾತೆ ತೆರೆಯಿರಿ. ಸಮಾಧಾನದ ಸಂಗತಿಯೆಂದರೆ, ಸರಕಿನ ಮೇಲಿನ ಮುಂಗಡಕ್ಕೆ ಜಿ.ಎಸ್.ಟಿ.ಯನ್ನು ಹಣ ಬಂದಾಗಲೇ ಕಟ್ಟಬೇಕಿಲ್ಲ. 2017ರ ನವೆಂಬರಿನ ಅಧಿಸೂಚನೆಯನ್ವಯ ಇನ್ವಾಯ್ಸ್ ಹಂತದಲ್ಲಿ ಕಟ್ಟಿದರಾಯಿತು. ರಾಜಿ ತೆರಿಗೆ ಪದ್ಧತಿಯವರಿಗೆ ಈ ಸೌಲಭ್ಯವಿಲ್ಲ.

ಈ ಸರಕಿನ ಗಿರಾಕಿಗಳು ಬಹುಪಾಲು ಹೊರದೇಶದವರಾದ್ದರಿಂದ ಆಮದು-ರಫ್ತು ಸಂಕೇತ ಸಂಖ್ಯೆ ಪಡೆದು, ಮುಚ್ಚಳಿಕೆ ಪತ್ರ ಸಲ್ಲಿಸಿದರೆ ತೆರಿಗೆ ಕಟ್ಟದೆಯೇ ರಫ್ತು ಮಾಡಬಹುದು. ಅಂಚೆಯ ಮೂಲಕವೂ ಕಳಿಸಲು ಅವಕಾಶವುಂಟು. ಆದರೆ ಹೊದಿಕೆ, ರಟ್ಟು ಸೇರಿ ಒಂದು ತಟ್ಟೆಯ ತೂಕ ಅರ್ಧ ಕಿಲೋ ದಾಟುವುದರಿಂದ ಅಂಚೆವೆಚ್ಚವನ್ನು ಬೆಲೆಯೊಳಗೆ ಸೇರಿಸದೆ ಪ್ರತ್ಯೇಕವಾಗಿ ತೋರಿಸುವುದು ಲೇಸು. ವರ್ಷಾಂತ್ಯಕ್ಕೆ ಉಳಿದ ಪ್ರತಿಗಳನ್ನು ತಯಾರಿಕಾ ವೆಚ್ಚ ಅಥವಾ ಮಾರಿದರೆ ಬರಬಹುದಾದ ನಿವ್ವಳ ಮೊತ್ತ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಹಿಡಿಯಬೇಕು. "ಮುಂದೆ ಬೆಲೆ ಏರುತ್ತದೆ" ಎಂಬ ಭರವಸೆಗೆ ಅಢಾವೆ ಪತ್ರಿಕೆಯಲ್ಲಿ ಸ್ಥಳವಿಲ್ಲ. ದಾಸ್ತಾನನ್ನು ನೆಟ್ಟಗೆ ನಿಲ್ಲಿಸಿ ತಂಪಾದ, ಒಣಗಿದ ಕೋಣೆಯಲ್ಲಿಡಿ. ನಮ್ಮ ಏಪ್ರಿಲ್ ಬಿಸಿಲಿಗೆ ವಿನೈಲ್ ಹಪ್ಪಳದಂತೆ ಸೊಟ್ಟಗಾಗುತ್ತದೆ. ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜಿನಲ್ಲಿ ಇಡುವ ಆಲೋಚನೆ ಬೇಡ, ತೇವಕ್ಕೆ ಹೊದಿಕೆಗಳು ಬೂಸಲು ಹಿಡಿದಾವು.

ಸೀಮಿತ ಆವೃತ್ತಿಯೆಂದು ಸುಳ್ಳು ಹೇಳುವುದು ಇಂದು ನೈತಿಕ ತಪ್ಪು ಮಾತ್ರವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. 2023ರ ನವೆಂಬರಿನ ಮಾರ್ಗಸೂಚಿಗಳು ಆನ್‌ಲೈನ್ ಮಾರಾಟದಲ್ಲಿ ಇಲ್ಲದ ಕೊರತೆಯನ್ನು ತೋರಿಸಿ ಗಿರಾಕಿಯನ್ನು ಅವಸರಿಸುವುದನ್ನು ಹೆಸರಿಸಿಯೇ ನಿಷೇಧಿಸಿವೆ.

ಕೃತಿಸ್ವಾಮ್ಯದ ವಿಷಯದಲ್ಲಿ ಮಾತ್ರ ಎಚ್ಚರ ತಪ್ಪಬಾರದು. ಹಳೆಯ ತಟ್ಟೆಗಳ ತುಣುಕನ್ನು ಎತ್ತಿ ನಿಧಾನಗೊಳಿಸಿ ಬಳಸುವುದು ಈ ಸಂಗೀತದಲ್ಲಿ ರೂಢಿ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಇರುವುದರಿಂದ, ಆ ಅವಧಿಯೊಳಗಿನದನ್ನು ಮಾಲೀಕರ ಒಪ್ಪಿಗೆಯಿಲ್ಲದೆ ಮುಟ್ಟಬಾರದು. ಇತರರ ಹಾಡನ್ನು ಮತ್ತೆ ಹಾಡಿಸಿ ಮುದ್ರಿಸಲು 2012ರ ತಿದ್ದುಪಡಿಯು ಶಾಸನಬದ್ಧ ಪರವಾನಗಿಯ ದಾರಿ ತೆರೆದಿದೆಯಾದರೂ, ಅದರಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕು. ಮುನ್ನೂರು ಪ್ರತಿಯವನಿಗೆ ಅದು ಕೈಗೆಟುಕದ ಮಾತು. ನುಡಿಸುವವರಿಂದ ಲಿಖಿತ ಒಪ್ಪಂದ ಪಡೆದು, ನಮ್ಮದೇ ತಂಬೂರಿಯಿಂದ, ನಮ್ಮದೇ ಕೋಣೆಯಲ್ಲಿ ಹೊಸದಾಗಿ ಮುದ್ರಿಸಿಕೊಂಡರೆ ಈ ಗೋಜಿಲ್ಲ. ಕಾಯಿದೆಯ 52ಎ ಪ್ರಕರಣದಂತೆ ತಯಾರಕರ ಹಾಗೂ ಹಕ್ಕುದಾರರ ಹೆಸರು, ವಿಳಾಸ, ಮೊದಲು ಪ್ರಕಟವಾದ ವರ್ಷ ಇವು ತಟ್ಟೆಯ ಮೇಲೂ ಹೊದಿಕೆಯ ಮೇಲೂ ಇರಲೇಬೇಕು. ಕಲಾವಿದರು ವಿನ್ಯಾಸದ ಅಂದ ಕೆಡುತ್ತದೆಂದು ಗೊಣಗುವುದುಂಟು. ಹೊದಿಕೆಯು ಮುದ್ರಣಾಲಯಕ್ಕೆ ಹೋಗುವ ಮುನ್ನವೇ ಸೇರಿಸಿಕೊಳ್ಳಿ. ಒತ್ತಿದ ಮೇಲೆ ಮುನ್ನೂರಕ್ಕೂ ಚೀಟಿ ಅಂಟಿಸಿದರೆ ಅಂದ ಇನ್ನೂ ಕೆಟ್ಟೀತು.